ಅರವತ್ತೆಂಟನೆಯ ಗೌನು

ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ನೋಡಲು ಅದರ ತಳಕ್ಕೆ ನೀರು ಚಿಮುಕಿಸಿ, ಚುರ್ರೆಂದ ಮೇಲೂ ಅವನು ಬೆರಳನ್ನು ನೀರಿನ ಬಟ್ಟಲಿನಿಂದ ತೆಗೆಯಲಿಲ್ಲ. ಎದುರಿನ ಮೇಜಿನ ಮೇಲೆ ಅವನ ಮನಸ್ಸು ಕೆಡಿಸುವ ಎರಡು ವಸ್ತುಗಳಿದ್ದವು. ಒಂದು, ಘಟಿಕೋತ್ಸವ ಮುಗಿದು ಎಂಟು ದಿನವಾದರೂ ಬರಿದಾಗದ ತಗಡಿನ ಪೆಟ್ಟಿಗೆ. ಇನ್ನೊಂದು, ಈಗಷ್ಟೇ ಮಗಳು ತಂದಿಟ್ಟ ಕಾಗದ, ಕಾಲೇಜು ಬಿಡುವ ಅರ್ಜಿ. ಎಲ್ಲ ತುಂಬಿಯಾಗಿತ್ತು. ಕೆಳಗೆ ಪೋಷಕರ ಸಹಿಗೆಂದು ಬಿಟ್ಟ ಗೆರೆಯೊಂದು ಮಾತ್ರ ಖಾಲಿ ಇತ್ತು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ದನಿ ಏರಿಸಿಯೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿದ್ದು.

“ಅಪ್ಪ, ಅಂಗಡಿಯವರು ಸಂಜೆ ಐದರೊಳಗೆ ಹೇಳು ಅಂದಿದಾರೆ. ಆ ಕುರ್ಚಿಗೆ ಇನ್ನೊಬ್ರು ಕಾಯ್ತಿದಾರಂತೆ. ಪೂರ್ತಿ ದಿನ ಬರೋದಾದ್ರೆ ಬಾ, ಕಾಲೇಜಿಗೆ ಹೋಗಿ ಬಂದು ಮಾಡೋರು ನನಗೆ ಬೇಡ ಅಂದ್ಬಿಟ್ರು.”

ಆ ಕುರ್ಚಿ ಎಂದರೆ ದೊಡ್ಡ ರಸ್ತೆಯ ಫೋನು ರಿಪೇರಿ ಅಂಗಡಿಯ ಒಳಗಿನ ಮೇಜಿನ ಮುಂದಿನದು. ಎರಡು ವರ್ಷದಿಂದ ಅವಳು ಸಂಜೆ ಹೊತ್ತು ಅಲ್ಲಿಗೆ ಹೋಗುತ್ತಿದ್ದಳು. ಒಮ್ಮೆ ಅವನು ಗಾಜಿನಾಚೆ ನಿಂತು ಕದ್ದು ನೋಡಿದ್ದ. ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಅವಳು ಚಿಮಟದಲ್ಲಿ ಎತ್ತಿ ಅದರ ಜಾಗದಲ್ಲಿ ಕೂರಿಸುವಾಗ ಬೆರಳು ಒಂದಿಷ್ಟೂ ಅಲುಗಿರಲಿಲ್ಲ. ಅವು ತಾತನ ಬೆರಳುಗಳು, ತನ್ನ ಕೈ ದಾಟಿ ಅವಳಿಗೆ ಹೋಗಿವೆ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಹೆಮ್ಮೆಯಾಗಿತ್ತು ಕೂಡ. ಆದರೆ ಮನೆಗೆ ಬಂದು ಅದನ್ನು ಹೇಳಿರಲಿಲ್ಲ.

“ನಿನ್ನ ತಾತ ಗೌನು ಹೊಲಿದೂ ಹೊಲಿದೂ ಕಣ್ಣು ಕಳ್ಕೊಂಡ,” ಎಂದ ಅವನು. ಹೇಳುವಾಗಲೇ ಈ ಮಾತು ಎಷ್ಟು ಹಳೆಯದೆಂದು ಅವನಿಗೇ ಕೇಳಿಸಿತು. “ನಾನು ಊರಿನ ಮಕ್ಕಳ ಗೌನಿಗೆಲ್ಲ ಇಸ್ತ್ರಿ ಹಾಕಿದೆ. ನಿನ್ನ ಮೈಮೇಲೆ ಒಂದು ಗೌನು ನೋಡಬೇಕು ಅಂತ ತಾನೇ? ಇನ್ನೊಂದು ವರ್ಷ ತಡಕೊಳ್ಳೋಕೆ ಆಗಲ್ವಾ ನಿನಗೆ?”

“ನೋಡೋಕೆ ತಾನೇ? ಕೊಡು, ಈಗಲೇ ಹಾಕ್ಕೋತೀನಿ. ಮುನ್ನೂರಿವೆ ನಮ್ಮನೇಲಿ.”

ಒಳಗೆ ಕೊಕ್ಕೆ ಹೊಲಿಯುತ್ತಿದ್ದ ಹೆಂಡತಿ ಕಿಸಕ್ಕನೆ ನಕ್ಕು, ಆಮೇಲೆ ನಕ್ಕದ್ದಕ್ಕೆ ಕೆಮ್ಮಿದಳು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ,” ಎಂದು ದಾರಕ್ಕೆ ಹೇಳುವವಳಂತೆ ಹೇಳಿದಳು. ಅವನು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದ. ಅರ್ಜಿಯನ್ನು ನಾಲ್ಕಾಗಿ ಮಡಿಚಿ ಜೇಬಿಗೆ ತುರುಕಿದ. ತಗಡಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಒಂದು ಪದವಿ ಪತ್ರವನ್ನು ಲಕೋಟೆಗೆ ಹಾಕಿಕೊಂಡು, ಅರವತ್ತೆಂಟನೆಯ ಗೌನನ್ನು ಹುಡುಕಿಕೊಂಡು ಬರುತ್ತೇನೆ, ಆಮೇಲೆ ನೋಡೋಣ ಎಂದು ಹೊರಬಿದ್ದ. ಓಡಿಹೋಗುವುದಕ್ಕೆ ಅದೊಂದು ಮರ್ಯಾದಸ್ಥ ನೆಪವೆಂದು ಮೂವರಿಗೂ ಗೊತ್ತಿತ್ತು. ಬೀದಿ ತಿರುಗಿದ ಮೇಲೆ ಫೋನು ಮೇಜಿನ ಮೇಲೆಯೇ ಉಳಿಯಿತೆಂದು ನೆನಪಾಯಿತು. ಸಿಟ್ಟಿನಲ್ಲಿ ಹೊರಟವನು ಮರೆತ ವಸ್ತುವಿಗಾಗಿ ವಾಪಸು ಹೋಗಲಾರ, ಹೋದರೆ ಸಿಟ್ಟಿಗೆ ಬೆಲೆಯಿಲ್ಲ. ಅವನು ಹೋಗಲಿಲ್ಲ.

ಮನೆಯ ಮುಂಭಾಗದ ಈ ಗೌನಿನ ಅಂಗಡಿ ಇದ್ದದ್ದು ವಿಶ್ವವಿದ್ಯಾಲಯದ ಹಿಂಗೋಡೆಗೆ ಅಂಟಿಕೊಂಡ ಓಣಿಯಲ್ಲಿ, ಪದವಿ ಪತ್ರ ಹಂಚುವ ಕಿಟಕಿಯಿಂದ ಇಪ್ಪತ್ತು ಹೆಜ್ಜೆ ದೂರ. ವೇದಿಕೆಯ ಮೇಲೆ ಕೊಡುವುದು ಬರೀ ಖಾಲಿ ಸುರುಳಿ, ಫೋಟೋಕ್ಕೆ. ನಿಜವಾದ ಪತ್ರ ಹಿಂದಿನ ದಿನವೇ ಆ ಕಿಟಕಿಯಲ್ಲಿ ಸಿಗುತ್ತದೆ. ಅವನ ಅಪ್ಪ ಅದನ್ನು ನೋಡಿಯೇ ತನ್ನ ಕಟ್ಟಳೆ ಮಾಡಿದ್ದ. ಗೌನಿಗೆ ಬಾಡಿಗೆ ಕೊಡು, ನಿನ್ನ ಪದವಿ ಪತ್ರ ಅಡವು ಇಡು, ಗೌನು ತಂದುಕೊಟ್ಟು ಪತ್ರ ಒಯ್ಯಿ. ಬೇರೆ ಅಡವು ಅಪ್ಪನಿಗೆ ಬೇಡ. “ಉಂಗುರ ಇಟ್ಟವನು ಉಂಗುರ ಮರೀಬಹುದು, ಇದನ್ನ ಮರೆಯೋ ಮಗ ಹುಟ್ಟಿಲ್ಲ,” ಎನ್ನುತ್ತಿದ್ದ. ಆ ಕಾಲದಲ್ಲಿ ವರ್ಷಕ್ಕೆ ಹನ್ನೊಂದು ಗೌನು, ಹನ್ನೆರಡು ಗೌನು. ಒಬ್ಬ ಗೌನನ್ನು ಮರೆತು ಮೈಮೇಲೆಯೇ ಹಾಕಿಕೊಂಡು ಊರಿಗೆ ಹೋದವನು, ಮಾರನೇ ದಿನ ಬಸ್ಸು ಸಿಗದೆ ಒಂಬತ್ತು ಮೈಲಿ ನಡೆದು ಬಂದು, ಪತ್ರವನ್ನು ಎರಡು ಕೈಯಲ್ಲಿ ಇಸಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದನಂತೆ. ಆಮೇಲೆ ಅವನು ಎಷ್ಟು ದೊಡ್ಡ ಅಧಿಕಾರಿಯಾದನೆಂಬುದನ್ನು ಅಪ್ಪ ಪ್ರತಿ ಸಲ ಒಂದು ಮೆಟ್ಟಿಲು ಏರಿಸಿ ಹೇಳುತ್ತಿದ್ದ. ಪೆಟ್ಟಿಗೆ ಮಾತ್ರ ಪ್ರತಿ ವರ್ಷ ಬರಿದಾಗುತ್ತಿತ್ತು. ಅಪ್ಪ ಹೋದ ಮೇಲೂ ಬರಿದಾಗುತ್ತಲೇ ಬಂತು. ನೂರಾಯಿತು, ಮುನ್ನೂರಾಯಿತು, ಈಚೆಗೆ ಎರಡು ದಿನ, ನಾಲ್ಕು ದಿನ ತಡವಾಗಿ, ತಮ್ಮನ ಕೈಯಲ್ಲೋ ಗೆಳತಿಯ ಕೈಯಲ್ಲೋ ಗೌನು ಕಳಿಸಿ, ಪತ್ರವನ್ನು ಸ್ಕೂಟರಿನ ಸೀಟಿನಡಿ ತುರುಕಿಕೊಂಡು ಹೋಗುವವರೇ ಹೆಚ್ಚು. ಆದರೂ ಒಯ್ಯುತ್ತಿದ್ದರು. ಪತ್ರ ಬಿಟ್ಟು ಗೌನು ಉಳಿಸಿಕೊಂಡವರಲ್ಲಿ ಮೊದಲನೆಯವಳು ಅರವತ್ತೆಂಟನ್ನು ಒಯ್ದ ಈ ಹುಡುಗಿ. ಆರು ಸಲ ಫೋನು ಮಾಡಿದ್ದ. ಸ್ವಿಚ್ಚಾಫ್.

ಬೇರೆ ಯಾವ ಗೌನಾಗಿದ್ದರೂ ಅವನು ಇಷ್ಟು ಕಂಗೆಡುತ್ತಿರಲಿಲ್ಲವೇನೋ. ಅರವತ್ತೆಂಟು ಅವನದೇ. ಅವನು ಪದವಿ ಪಡೆದ ವರ್ಷ ಅಪ್ಪ ಬಾಡಿಗೆ ರಾಶಿಯಿಂದ ಒಂದನ್ನು ಎತ್ತಿಕೊಡಲಿಲ್ಲ. ಅಳತೆ ತೆಗೆದು, ಹೆಗಲ ಮೇಲೆ ಬೇರೆ ಯಾರಿಗೂ ಹಾಕದ ಏಳು ನೆರಿಗೆ ಹಾಕಿ ಹೊಲಿದ. ಘಟಿಕೋತ್ಸವ ಮುಗಿದ ಮೇಲೆ ಅದೂ ರಾಶಿಗೆ ಸೇರಿ ಅರವತ್ತೆಂಟನೆಯದಾಯಿತು. ಅಳತೆ ತೆಗೆಯುವಾಗ ಅಪ್ಪನ ಉಸಿರು ಕುತ್ತಿಗೆಗೆ ತಾಕಿ ಕಚಗುಳಿಯಾಗಿ ಅವನು ನಕ್ಕಿದ್ದ, “ನೆಟ್ಟಗೆ ನಿಲ್ಲೋ ಬಿ.ಎ.,” ಎಂದು ಅಪ್ಪ ಗದರಿದ್ದ. ಬೀದಿಗೆ ಆ ಹೆಸರು ಹತ್ತಿದ್ದು ಅಲ್ಲಿಂದಲೇ. ಮೊದಲ ಕೆಲವು ವರ್ಷ ಬಿ.ಎ. ಬಂದರು, ಬಿ.ಎ. ಕೂತರು ಎಂದು ಬಹುವಚನವಿತ್ತು. ಅರ್ಜಿ ಬರೆಸಲು ಜನ ಬರುತ್ತಿದ್ದರು. ಆಮೇಲೆ ಮನೆಗೊಂದು ಬಿ.ಎ. ಆಗಿ ಅದು ಅರ್ಧ ತಮಾಷೆಯಾಯಿತು. ಈಗಿನ ಮಕ್ಕಳು ಅದನ್ನು ಅವನ ಇನಿಷಿಯಲ್ಲು ಎಂದುಕೊಂಡಿವೆ. ಅಪ್ಪ ಕಟ್ಟು ಹಾಕಿಸಿದ ಪದವಿ ಪತ್ರ ಅಂಗಡಿಯ ಕನ್ನಡಿಯ ಮೇಲೆ ನೇತಾಡುತ್ತಿದೆ. ಬಿಸಿಲಿಗೆ ಶಾಯಿ ಮಾಸಿ ಹೆಸರಿದ್ದ ಜಾಗ ಕಂದಿಹೋಗಿದೆ. ಹೋದ ತಿಂಗಳು ಒಬ್ಬಳು ತಾಯಿ, ಬಾಲವಾಡಿಯ ಮಗುವಿಗೆ ಫೋಟೋ ತೆಗೆಸಲು ಪುಟಾಣಿ ಗೌನು ಕೇಳಿಕೊಂಡು ಬಂದವಳು, ಅದನ್ನು ನೋಡಿ, “ಇದು ನಿಮ್ಮ ಅಂಗಡಿ ಲೈಸನ್ಸಾ?” ಎಂದು ಕೇಳಿದ್ದಳು. ಹೌದಮ್ಮ ಎಂದಿದ್ದ.

ಪತ್ರದ ಜೊತೆಗಿದ್ದ ಚೀಟಿಯ ವಿಳಾಸ ಒಂದು ಮೂರಂತಸ್ತಿನ ಬಾಡಿಗೆ ಕೋಣೆಗಳ ಮನೆ. ಮೂರು ಬಸ್ಸು ಬದಲಿಸಿ, ಎರಡು ಕಡೆ ದಾರಿ ತಪ್ಪಿ ಅವನು ಅಲ್ಲಿ ತಲುಪುವಾಗ ಮಧ್ಯಾಹ್ನ ದಾಟಿತ್ತು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಹಸಿವು ಸಿಟ್ಟನ್ನು ಮೊದಲೇ ತಿಂದುಹಾಕಿತ್ತು. ಮನೆಯೊಡತಿ ಮೆಟ್ಟಿಲು ಒರೆಸುತ್ತಲೇ, “ಆ ಕರೀ ಕೋಟಿನವಳಾ? ದೊಡ್ಡ ಸರ್ಕಲ್ಲಿನ ಹತ್ರ ನಿಂತಿರ್ತಾಳೆ ನೋಡಿ, ಕೋಚಿಂಗ್ ಸೆಂಟರ್ ಮುಂದೆ. ಆರು ಗಂಟೆ ತನಕ,” ಎಂದಳು. ಕದ್ದವಳ ಸುಳಿವು ಕೊಡುವ ದನಿಯಲ್ಲ ಅದು, ಕೆಲಸಕ್ಕೆ ಹೋದವಳ ಸುದ್ದಿ ಹೇಳುವ ದನಿ. ಅವನ ಬಾಯಲ್ಲಿ ಸಿದ್ಧವಾಗಿದ್ದ ಬೈಗುಳಗಳು ಅಲ್ಲಿಯೇ ಸಡಿಲಾದವು.

ಸರ್ಕಲ್ಲಿನಲ್ಲಿ ಕೆಂಪು ದೀಪ ಹತ್ತಿದಾಗ ಮೂರು ಗೌನುಗಳು ಫುಟ್‌ಪಾತಿನಿಂದ ಇಳಿದು ಕಾರುಗಳ ನಡುವೆ ಹರಡುತ್ತಿದ್ದವು. ಹಸಿರಾದಾಗ ಓಡಿ ಮೇಲೆ ಬರುತ್ತಿದ್ದವು. ಹಿಂದೆ ಆಳೆತ್ತರದ ಫಲಕದಲ್ಲಿ ಗೌನು ತೊಟ್ಟ ನಗುಮುಖಗಳು, ಕೆಳಗೆ ಪರೀಕ್ಷೆಗಳ ಪಟ್ಟಿ, ಕೆಲಸ ಖಚಿತ. ಬಿಸಿಲು ಹೇಗಿತ್ತೆಂದರೆ ಡಾಂಬರಿಗೆ ಚಪ್ಪಲಿ ಅಂಟುತ್ತಿತ್ತು. ಇಬ್ಬರ ಗೌನು ನೈಲಾನಿನವು, ಸುಕ್ಕು, ಎಲ್ಲೋ ಅಗ್ಗಕ್ಕೆ ಕೊಂಡವು. ಮೂರನೆಯದರ ಹೆಗಲಿನ ಏಳು ನೆರಿಗೆಗಳನ್ನು ಅವನು ರಸ್ತೆಯಾಚೆಯಿಂದಲೇ ಎಣಿಸಬಲ್ಲವನಾಗಿದ್ದ. ಆ ಹೆಗಲು ಒಂದು ಕಾರಿನ ಕಿಟಕಿಗೆ ಬಾಗಿತು. ಗಾಜು ಇಳಿಯಲಿಲ್ಲ. ಹೆಗಲು ನಗುತ್ತಲೇ ಮುಂದಿನ ಕಾರಿಗೆ ಹೋಯಿತು. ತನ್ನನ್ನೇ ಯಾರೋ ಹೊರಗೆ ನಿಲ್ಲಿಸಿದ್ದಾರೆಂದು ಅನ್ನಿಸಿ ಅವನ ಕಿವಿ ಬಿಸಿಯಾದವು. ಅವತ್ತು ಸರ್ಕಾರಿ ಕೆಲಸದ ಸಂದರ್ಶನದಲ್ಲೂ ಹೀಗೆಯೇ ಕಿವಿ ಬಿಸಿಯಾಗಿದ್ದವು. ಮೂರು ಜನ ಕೂತಿದ್ದರು, ಮೇಜಿನ ಮೇಲೆ ನೀರಿನ ಲೋಟಕ್ಕೆ ಮುಚ್ಚಳವಿತ್ತು. ತಂದೆ ಏನು ಮಾಡ್ತಾರೆ ಎಂದು ಕೇಳಿದರು. ಗೌನು ಹೊಲೀತಾರೆ ಸಾರ್, ಘಟಿಕೋತ್ಸವದ್ದು ಎಂದ. ಮೂವರೂ ನಕ್ಕರು, ಕೆಟ್ಟ ನಗುವಲ್ಲ, ಪ್ರೀತಿಯ ನಗು. “ಅಂದ್ರೆ ನಮ್ಮೆಲ್ಲರ ಹೆಗಲಿನ ಅಳತೆ ನಿಮ್ಮನೇಲಿದೆ! ಅಲ್ಲಪ್ಪ, ನೀನೂ ಇಲ್ಲಿ ಬಂದು ಕೂತ್ರೆ ನಮ್ಮ ಮಕ್ಕಳಿಗೆ ಗೌನು ಹೊಲಿಯೋರು ಯಾರು?” ಎಂದರು ನಡುವೆ ಕೂತವರು. ಅವನೂ ನಕ್ಕ. ಅವರು ನಗು ನಿಲ್ಲಿಸಿದ ಮೇಲೂ ಅವನ ನಗು ಒಂದು ಗಳಿಗೆ ಹೆಚ್ಚೇ ಉಳಿಯಿತು. ಮೂವತ್ತೆರಡು ವರ್ಷದಿಂದ ಅವನು ಕ್ಷಮಿಸದೆ ಉಳಿದಿರುವುದು ಆ ಒಂದು ಗಳಿಗೆಯನ್ನು. ಮನೆಗೆ ಬಂದು, “ಕೊಡ್ತೀವಿ ಅಂದ್ರು ಅಪ್ಪ. ನನಗೇ ಬೇಡ ಅನ್ನಿಸ್ತು. ಅಂಗಡೀಲೇ ಇರ್ತೀನಿ,” ಎಂದಿದ್ದ. ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ. ಒಳ್ಳೇದು ಎಂದ. ದಾರ ತಪ್ಪಿತು, ತುದಿಯನ್ನು ನಾಲಿಗೆಗೆ ಸೋಕಿಸಿ ಮತ್ತೆ ಪೋಣಿಸಿದ. ಮಗ ಕುಲಕಸುಬಿನ ಮೇಲಿನ ಪ್ರೀತಿಗೆ ಅಧಿಕಾರ ಬಿಟ್ಟು ಬಂದ ಎಂದು ಅಪ್ಪ ಸಾಯುವ ತನಕ ಬೀದಿಗೆಲ್ಲ ಹೇಳಿಕೊಂಡು ತಿರುಗಿದ.

ಹುಡುಗಿ ಅವನನ್ನು ಗುರುತು ಹಿಡಿದಳು. ಮೊದಲು ಹೆದರಿದಳು, ಆಮೇಲೆ ಹೆದರಿ ಸಾಕಾದವಳಂತೆ ಹತ್ತಿರ ಬಂದಳು. ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು.

“ಬೈಬೇಡಿ ಅಂಕಲ್. ನಾನೇ ಬರ್ತಿದ್ದೆ.”

“ಯಾವಾಗ?”

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. “ಗೊತ್ತಿಲ್ಲ.”

“ನಿನ್ನ ಪತ್ರ ತಂದಿದೀನಿ. ಬಿಚ್ಚಿಕೊಡು, ತಗೊಂಡುಹೋಗು.”

“ಅದು ನಿಮ್ಮ ಹತ್ರಾನೇ ಇರ್ಲಿ ಅಂಕಲ್. ಮಾರ್ಕ್ಸ್ ಕಾರ್ಡನ್ನೇ ಎಂಟು ಕಡೆ ತೋರಿಸಿ ಆಯ್ತು. ಇಲ್ಲಿ ಯಾರೂ ಕೇಳಲಿಲ್ಲ. ಗೌನು ಇದ್ಯಾ ಅಂತ ಮಾತ್ರ ಕೇಳಿದ್ರು. ಇವರು ಕೊಡಲ್ಲ, ನಾವೇ ತರಬೇಕು. ಅಗೋ, ಮುಂದೆ ನಿಂತಿದಾನಲ್ಲ ಅವನು, ಹತ್ತನೇ ಕ್ಲಾಸು ಮೂರು ಸಲ ಡುಮ್ಕಿ. ಎತ್ತರ ಇದಾನೆ, ಗೌನು ಒಪ್ಪುತ್ತೆ ಅಂತ ಅವನನ್ನೇ ಮುಂದೆ ನಿಲ್ಲಿಸಿದಾರೆ.”

ಅವನು ಲಕೋಟೆಯಿಂದ ಪತ್ರವನ್ನು ಅರ್ಧ ಎಳೆದು ನೋಡಿದ. ಗಣಿತ, ಎಂ.ಎಸ್ಸಿ., ಮೊದಲ ದರ್ಜೆ. ಮತ್ತೆ ಒಳಗೆ ತಳ್ಳಿದ. ಒಂಬತ್ತು ಮೈಲಿ ನಡೆದವನನ್ನು ಇಲ್ಲಿ ನಿಲ್ಲಿಸಿ ಇವಳನ್ನು ತೋರಿಸಿದರೆ ಏನಂತಾನು ಎಂದು ಯೋಚಿಸಿದ. ಇವಳನ್ನು ಬೈಯುವುದೇ, ಅವನನ್ನು ನೋಡಿ ನಗುವುದೇ ಎಂದುಕೊಳ್ಳುತ್ತ ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿದ.

“ಮನೇಲಿ ಗೊತ್ತಾ?”

“ಗೌನು ಹಾಕ್ಕೊಂಡು ಮಾಡೋ ಕೆಲಸ ಅಂದಿದೀನಿ. ಅಪ್ಪ ಯಾವುದೋ ಕಾಲೇಜಲ್ಲಿ ಪಾಠ ಮಾಡ್ತಾಳೆ ಅಂದ್ಕೊಂಡಿದಾರೆ. ಫೋಟೋ ದೊಡ್ಡದು ಮಾಡಿಸಿದಾರೆ. ನಾನು ಸುಳ್ಳೇನೂ ಹೇಳಿಲ್ಲ ಅಂಕಲ್.”

ದೀಪ ಕೆಂಪಾಯಿತು. ಅವಳು ಓಡಿದಳು. ಓಡುವಾಗ ಗೌನಿನ ಅಂಚು ಒಂದು ಕಡೆ ಬಿಚ್ಚಿ ಚಪ್ಪಲಿಯಡಿ ಸಿಕ್ಕು ಎಳೆದದ್ದನ್ನು ಅವನು ನೋಡಿದ. ಅಲ್ಲಿಯೇ ಫುಟ್‌ಪಾತಿನ ಮೇಲೆ ನಿಂತು ಜೇಬಿನಿಂದ ಅರ್ಜಿ ತೆಗೆದ. ಯೋಚಿಸಲಿಲ್ಲ. ಅವಳು ಕೆಳಗಿಟ್ಟು ಹೋದ ಕರಪತ್ರಗಳ ಕಟ್ಟಿನ ಮೇಲೆ ಅದನ್ನಿಟ್ಟು, ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಪೋಷಕರ ಗೆರೆಯ ಮೇಲೆ ಸಹಿ ಮಾಡಿದ. ಎಷ್ಟು ಸಲೀಸು. ಬೆಳಿಗ್ಗೆ ಮಗಳ ಎದುರೇ ಮಾಡಿದ್ದರೂ ಇಷ್ಟೇ ಸಲೀಸಾಗಿರುತ್ತಿತ್ತು. ಹಿಂತಿರುಗಿದ ಹುಡುಗಿ ಬಗ್ಗಿ ನೋಡಿದಳು.

“ಏನಂಕಲ್ ಅದು?”

“ಮಗಳದು. ಕಾಲೇಜು ಬಿಡೋಕೆ.”

“ಅಯ್ಯೋ, ಬಿಡಿಸಬೇಡಿ ಅಂಕಲ್. ಓದ್ಲಿ,” ಎಂದಳು ಅವಳು, ಥಟ್ಟನೆ, ಯಾರಾದರೂ ಸೀನಿದರೆ ಚಿರಾಯು ಅನ್ನುವ ಹಾಗೆ. ಹೇಳಿದ ಮೇಲೆ ತನ್ನ ಮಾತು ತನಗೇ ವಿಚಿತ್ರವಾಗಿ ಕಂಡು ಗೌನಿನ ತೋಳಿನಿಂದ ಹುಬ್ಬಿನ ಬೆವರು ಒರೆಸಿಕೊಂಡಳು. ಯಾಕಮ್ಮ ಓದಲಿ ಎಂದು ಅವನು ಕೇಳಬಹುದಿತ್ತು. ಕೇಳಿದರೆ ಅವಳು ಅಳುತ್ತಾಳೆಂದು ಅನ್ನಿಸಿತು. ಅವಳಿಗಿಂತ ಮೊದಲು ತಾನೇ ಅತ್ತರೂ ಅತ್ತೇನು ಎಂದೂ ಅನ್ನಿಸಿತು.

ಕೈಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ಈಗ ಹೊರಟರೆ ನೇರ ಬಸ್ಸು, ನಾಲ್ಕೂವರೆಗೆ ಮೊದಲೇ ಮನೆ. ಅವನು ಹೊರಡಬೇಕಿತ್ತು. ಆದರೆ ಬಿಚ್ಚಿದ ಅಂಚು ಕಣ್ಣೆದುರಿಗೆ ನೆಲ ಗುಡಿಸುತ್ತಿತ್ತು. ಅಪ್ಪ ಕೈಯಾರೆ ಮಡಿಚಿದ ಅಂಚು. ಅಂಗಿಯ ಕಾಲರಿನ ಒಳಗೆ ಅವನು ಯಾವಾಗಲೂ ಕಪ್ಪು ದಾರದ ಸೂಜಿಯೊಂದನ್ನು ಚುಚ್ಚಿಕೊಂಡಿರುತ್ತಿದ್ದ. “ನಿಲ್ಲಮ್ಮ, ಎಡವಿ ಗಾಡಿ ಕೆಳಗೆ ಬಿದ್ದೀಯ,” ಎಂದು ಫುಟ್‌ಪಾತಿನ ಮೇಲೆ ಮಂಡಿಯೂರಿದ. ಹಸಿರು ಇರುವಷ್ಟು ಹೊತ್ತು ಹೊಲಿಯುವುದು, ಕೆಂಪಾದರೆ ದಾರ ಕಡಿದು ಅವಳನ್ನು ಬಿಡುವುದು, ಮತ್ತೆ ಬಂದಾಗ ಮತ್ತೆ ಪೋಣಿಸುವುದು. ನಾಲ್ಕು ಹೊಲಿಗೆ ಹಾಕಿ ಬಿಟ್ಟಿದ್ದರೂ ನಡೆಯುತ್ತಿತ್ತು. ಅವನು ಸುತ್ತಲೂ ಹೊಲಿದ, ಒಳಗಿನಿಂದ, ಹೊರಗೆ ಕಾಣದ ಹಾಗೆ. ದಾರಿಹೋಕರು ನೋಡುತ್ತಿದ್ದರು. ಬೆಳಗಿನಿಂದ ಅವನ ಎದೆ ಹಗುರವಾದದ್ದು ಆಗ ಮಾತ್ರ. ಎದ್ದಾಗ ಮಂಡಿ ಹಿಡಿದಿತ್ತು. “ಗೌನು ಇಟ್ಕೋ,” ಎಂದ. “ಬೆವರಿಗೆ ಹುಳಿ ವಾಸನೆ ಬರುತ್ತೆ, ವಾರಕ್ಕೊಂದು ಸಲ ನೆರಳಲ್ಲಿ ಹರವು. ಬಿಸಿಲಿಗೆ ಹಾಕ್ಬೇಡ, ಬಣ್ಣ ಹೋಗುತ್ತೆ.” ಅವಳು ಅವನ ಕೈಗೂ ಒಂದು ಕರಪತ್ರ ಕೊಟ್ಟಳು. ಅಭ್ಯಾಸಬಲ. ಅವನು ಅದನ್ನು ಮಡಿಚಿ ಅರ್ಜಿಯ ಪಕ್ಕದಲ್ಲಿ ಇಟ್ಟುಕೊಂಡ.

ನೇರ ಬಸ್ಸು ಹೋಗಿತ್ತು. ಮುಂದಿನದು ಬರುವಾಗ ನಾಲ್ಕೂ ಇಪ್ಪತ್ತು. ಕಂಬಿ ಹಿಡಿದು ನಿಂತು ಅವನು ಹೇಳಬೇಕಾದ ಮಾತನ್ನು ತಿರುವಿಹಾಕುತ್ತಿದ್ದ. ಹೋಗಮ್ಮ, ಕೂತ್ಕೋ ಆ ಕುರ್ಚೀಲಿ, ತಾತನ ಬೆರಳು ನಿನಗೆ ಬಂದಿದೆ, ನಾನು ನೋಡಿದೀನಿ. ಎರಡು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು, ತಡವಾದರೇನು, ಐದರೊಳಗೆ ತಲುಪಿದರೆ ಸಾಕು. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಓಣಿಯ ಬಾಯಿಯಿಂದ ಅವನು ಹೆಚ್ಚುಕಡಿಮೆ ಓಡಿದ. ಅಂಗಡಿಯ ಗಡಿಯಾರ ಐದಕ್ಕೆ ಎರಡು ನಿಮಿಷ ಕಡಿಮೆ ತೋರಿಸುತ್ತಿತ್ತು.

ಮಗಳು ಅವನ ಜಾಗದಲ್ಲಿ ನಿಂತು ಗೌನಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆಯೆತ್ತದೆ, “ಫೋನು ಬಿಟ್ಟು ಹೋಗಿದ್ದೆ,” ಎಂದಳು.

“ಹೂಂ. ನೋಡು, ಆ ವಿಷಯ...”

“ನಾಲ್ಕೂವರೆ ತನಕ ನಿನ್ನ ದಾರಿ ನೋಡಿದೆ. ಆಮೇಲೆ ಅಂಗಡಿಯವರಿಗೆ ಬರಲ್ಲ ಅಂತ ಹೇಳ್ಬಿಟ್ಟೆ. ಇನ್ನೊಬ್ರನ್ನ ಕೂರಿಸ್ಕೊಂಡ್ರು.” ಇಸ್ತ್ರಿಪೆಟ್ಟಿಗೆ ಒಂದೇ ಜಾಗದಲ್ಲಿ ಎರಡು ಸಲ ಹೋಯಿತು. “ನೀನು ಬೈದೆ ಅಂತ ಅಲ್ಲ ಅಪ್ಪ. ನನಗೇ ಬೇಡ ಅನ್ನಿಸ್ತು. ಇನ್ನೊಂದು ವರ್ಷ ತಾನೇ, ಓದಿಬಿಡ್ತೀನಿ.”

ನನಗೇ ಬೇಡ ಅನ್ನಿಸ್ತು. ಒಂದಕ್ಷರ ಆಚೀಚೆಯಿಲ್ಲ, ಆ ದನಿಯೂ ಅದೇ, ತೀರಾ ಹಗುರ ಮಾಡಿ ಹೇಳುವ ದನಿ. ಮೂವತ್ತೆರಡು ವರ್ಷದ ಹಿಂದೆ ಇದೇ ಜಾಗದಲ್ಲಿ ದಾರದ ತುದಿಯನ್ನು ನಾಲಿಗೆಗೆ ಸೋಕಿಸಿದ ಅಪ್ಪನಿಗೆ ಎಲ್ಲ ಗೊತ್ತಿತ್ತೆಂದು ಅವನಿಗೆ ಈಗ ಗೊತ್ತಾಯಿತು. ಗೊತ್ತಿದ್ದೇ ಒಳ್ಳೇದು ಅಂದಿದ್ದ. ಗೊತ್ತಿದ್ದೇ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದ. ಜೇಬಿನಲ್ಲಿ ಸಹಿ ಮಾಡಿದ ಅರ್ಜಿ ಇತ್ತು. ಈಗ ತೆಗೆದು ತೋರಿಸಿದರೆ ಅವಳಿಗೆ ಕುರ್ಚಿಯಂತೂ ಸಿಗದು, ಅಪ್ಪನಿಗಾಗಿ ಬಿಟ್ಟುಕೊಟ್ಟೆ ಎಂಬ ಸಮಾಧಾನವೂ ಹೋದೀತು. ಅಷ್ಟನ್ನು ಅವನು ಅವಳ ಹಿತಕ್ಕೆಂದೇ ಯೋಚಿಸಿದ. ಅದರಡಿಯಲ್ಲಿ, ತಾನು ಗೆದ್ದೆನೆಂಬ ಒಂದು ಸಣ್ಣ ಖುಷಿಯೂ ಮಿಸುಕಿತು. ಅದು ಕಂಡು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಒಳ್ಳೇದು,” ಎಂದ.

ಪೆಟ್ಟಿಗೆ ತೆರೆದು ಹುಡುಗಿಯ ಪದವಿ ಪತ್ರವನ್ನು ಒಳಗಿಟ್ಟು ಮುಚ್ಚಳ ಹಾಕಿದ. ಹೆಂಡತಿ ಕೊಕ್ಕೆ ಹೊಲಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅರವತ್ತೆಂಟು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮಗಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಮೇಜಿನ ಮೇಲಿದ್ದ ಅಳತೆಯ ಟೇಪು ಎತ್ತಿ ಅವನ ಕೈಯಲ್ಲಿಟ್ಟಳು. ನಗುತ್ತಿದ್ದಳು. ಒಂದು ಗಳಿಗೆ ಹೆಚ್ಚೇ ನಗುತ್ತಿದ್ದಳು.

“ಈ ಮುನ್ನೂರರಲ್ಲಿ ಒಂದು ನನಗೆ ಬೇಡ. ತಾತ ನಿನಗೆ ಹೊಲಿದ ಹಾಗೆ ನನ್ನ ಅಳತೆಗೇ ಹೊಲಿ. ಏಳು ನೆರಿಗೇದು. ತಗೋ ಅಳತೆ, ಇವತ್ತೇ.”

ಅವಳು ಬೆನ್ನು ಕೊಟ್ಟು ನಿಂತಳು. ಅವನು ಟೇಪಿನ ತುದಿಯನ್ನು ಅವಳ ಎಡ ಹೆಗಲಿಗೆ ಒತ್ತಿ ಹಿಡಿದು ಬಲಕ್ಕೆ ಎಳೆದ. ಬಾಗಿದಾಗ ಜೇಬಿನ ಕಾಗದ ಸರಸರ ಸದ್ದು ಮಾಡಿತು.

“ಬರ್ಕೋ ಅಪ್ಪ, ಮರೀತೀಯ.”

ಜೇಬಿನಲ್ಲಿ ಎರಡು ಕಾಗದಗಳಿದ್ದವು. ಬೆರಳಲ್ಲೇ ತಡಕಿ, ನುಣುಪಾಗಿದ್ದದ್ದನ್ನು ಹುಷಾರಾಗಿ ಈಚೆ ಎಳೆದ. ಗೌನು ತೊಟ್ಟ ನಗುಮುಖಗಳನ್ನು ಕೆಳಗೆ ಮಾಡಿ, ಖಾಲಿ ಬೆನ್ನನ್ನು ಮೇಜಿನ ಮೇಲೆ ಹರವಿದ.

“ಹೆಗಲು ಹದಿನಾಲ್ಕೂವರೆ,” ಎಂದು ಗಟ್ಟಿಯಾಗಿ ಹೇಳಿ ಬರೆದುಕೊಂಡ. “ಕೈ ಎತ್ತಮ್ಮ.”